ಹೆಸರು ಸಿಗಲಿಲ್ಲವೇ? ಜಿಲ್ಲೆ ಬದಲಿಸಿ ಹುಡುಕಿ!

"ನಮ್ಮ ಕಡೆಯವರು ಯಾರೂ ಯುದ್ಧಕ್ಕೆ ಹೋಗಿಲ್ಲ ಸಾರ್, ಇಂಟರ್‌ನೆಟ್‌ನಲ್ಲೇ ನೋಡಿದೆವು, ಒಂದು ಹೆಸರೂ ಇಲ್ಲ." ಗಡಿಯಾಚೆಯ ಕನ್ನಡ ಮನೆಗಳ ಈ ಮಾತನ್ನು ನಾನಂತೂ ಒಪ್ಪುವುದಿಲ್ಲ. ಹೆಸರು ಇಲ್ಲ ಅನ್ನುವುದಕ್ಕೂ ನಮಗೆ ಹುಡುಕಲು ಬರಲಿಲ್ಲ ಅನ್ನುವುದಕ್ಕೂ ಅಜಗಜಾಂತರ.

ಮೊದಲ ತಪ್ಪು ಭೂಪಟದ್ದು. ಆದವಾನಿಯವರು ಕರ್ನೂಲು ಅಂತ ಹಾಕಿ ಹುಡುಕುತ್ತಾರೆ, ರಾಯದುರ್ಗದವರು ಅನಂತಪುರ ಅಂತ. 1953ರವರೆಗೆ ಎರಡೂ ಬಳ್ಳಾರಿ ಜಿಲ್ಲೆಯಲ್ಲಿದ್ದವಲ್ಲ ಸ್ವಾಮಿ! ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ, ಹೊಸೂರು ಸೇಲಂ ಜಿಲ್ಲೆ, ತಾಳವಾಡಿ ಕೊಯಮತ್ತೂರು. ಜತ್ತ, ಅಕ್ಕಲಕೋಟೆಗಳು 1948ರವರೆಗೆ ಸಂಸ್ಥಾನಗಳು. 1916ರಲ್ಲಿ ಸತ್ತ ಸಿಪಾಯಿಗೆ ಇಂದಿನ ಜಿಲ್ಲೆಯ ವಿಳಾಸ ಎಲ್ಲಿಂದ ಬರಬೇಕು?

ಎರಡನೆಯದು ಕಾಗುಣಿತ. ಗುಮಾಸ್ತ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ. ಮಲ್ಲಪ್ಪ 'ಮುಲಪಾ' ಆಗಿರಬಹುದು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣದಲ್ಲಿ ಎರಡೂ ಮಹಾಯುದ್ಧಗಳಲ್ಲಿ ಮಡಿದವರನ್ನು ಕಾಸು ಕೊಡದೆ ಹುಡುಕಬಹುದು. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆಯೂ ಇವೆ. ಆದ್ದರಿಂದ ಅಜ್ಜನ ಹೆಸರಿಗಿಂತ ಮೊದಲು ಹಳೆಯ ಜಿಲ್ಲೆ, ತಾಲ್ಲೂಕು ಹಾಕಿ ನೋಡಿ.

ಆಮೇಲೂ ಸಿಗಲಿಲ್ಲವೇ? ತಪ್ಪು ನಿಮ್ಮದೇ ಅಂತ ತಿಳಿಯಬೇಡಿ. ಫ್ರಾನ್ಸಿನ ನವ್ ಶಪೆಲ್ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಮಾತ್ರ ಅಧಿಕಾರಿಗಳಿಗೆ ಹೆಸರು, ನಮ್ಮ ಸಾಮಾನ್ಯ ಸಿಪಾಯಿಗಳಿಗೆ ಪಲ್ಟನ್ನಿಗಿಷ್ಟು ಅಂತ ಬರೀ ಲೆಕ್ಕ! ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯ, ಆಫ್ರಿಕನ್ ಮುಂತಾದವರಲ್ಲಿ ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆ ಸಿಕ್ಕಿಲ್ಲ, ಅಥವಾ ಸ್ಮರಣೆಯೇ ಇಲ್ಲ ಎಂದು 2021ರಲ್ಲಿ ಆ ಕಮಿಷನ್ನಿನ ವರದಿಯೇ ಒಪ್ಪಿಕೊಂಡಿತು. ಬರೆಯದೆ ಬಿಟ್ಟವರು ಅವರು, ಹೋಗಲೇ ಇಲ್ಲ ಅಂತ ಒಪ್ಪಿಕೊಳ್ಳುವವರು ನಾವು. ಇದು ಯಾವ ನ್ಯಾಯ?

ಇನ್ನೊಂದು ಮಾತು. ಅದು ಸತ್ತವರ ಪಟ್ಟಿ. ಬದುಕಿ ಬಂದವರ ಸುಳಿವು ಮನೆಯ ಟ್ರಂಕಿನಲ್ಲಿರುತ್ತದೆ. ಮೊದಲ ಯುದ್ಧದ ಬೆಳ್ಳಿ ಪದಕದ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ: ನಂಬರು, ಹುದ್ದೆ, ಹೆಸರು, ಪಲ್ಟನ್ ಕೊರೆದಿರುತ್ತಾರೆ. ಪಲ್ಟನ್ ತಿಳಿದರೆ ಅದು ಎಲ್ಲೆಲ್ಲಿತ್ತೆಂಬ ದಿನಚರಿಯನ್ನು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಹುಡುಕಬಹುದು; ಎಷ್ಟೋ ದಿನಚರಿಗಳು ಆನ್‌ಲೈನ್‌ಗೆ ಬಂದಿವೆ. ಆ ಪದಕವನ್ನು ಅಕ್ಕಸಾಲಿಗನಿಗೆ ತೂಕಕ್ಕೆ ಹಾಕಿದರೆ ನಾಲ್ಕು ಗುಲಗಂಜಿ ಬೆಳ್ಳಿಗೆ ಮನೆಯ ಚರಿತ್ರೆ ಮಾರಿದಂತೆ.

ಹೆಸರು ಸಿಕ್ಕಿದ ತಕ್ಷಣ "ನಮ್ಮದು ವೀರ ಜಾತಿ" ಅಂತ ಮೀಸೆ ತಿರುವುವವರಿಗೂ ಒಂದು ಮಾತು. ಯುದ್ಧಕ್ಕೆ ಹುಟ್ಟಿದ ಜಾತಿ, ಹುಟ್ಟದ ಜಾತಿ ಎಂಬ ವಿಂಗಡಣೆ ಇಂಗ್ಲಿಷರು ಸೈನ್ಯ ಕಟ್ಟಲು ಬಳಸಿದ ಲೆಕ್ಕಾಚಾರ. ಅದೇ ದಾಖಲೆಗಳಲ್ಲಿ ಹೇಸರಗತ್ತೆ ಹೊಡೆದವರು, ಅಡುಗೆಯವರು, ನೀರು ಹೊತ್ತವರು, ಕಸ ಗುಡಿಸಿದವರೂ ಇದ್ದಾರೆ. ಅವರೂ ಅದೇ ಮರುಭೂಮಿಯಲ್ಲೇ ಸತ್ತರು. ನಿಮ್ಮ ಮುತ್ತಾತ ಬಂದೂಕಿನ ಬದಲು ನೀರಿನ ಚೀಲ ಹೊತ್ತಿದ್ದರೆ ಆ ಹೆಸರನ್ನು ಮುಚ್ಚಿಡುತ್ತೀರಾ?

ಮೇಷ್ಟ್ರುಗಳೇ, ಒಂಬತ್ತನೇ ಕ್ಲಾಸಿನ ಪ್ರಾಜೆಕ್ಟಿಗೆ ಅದೇ ತಾಜಮಹಲಿನ ಚಿತ್ರ ಅಂಟಿಸಿದ್ದು ಸಾಕು. ಊರಿನ ಹಿರಿಯರನ್ನು ಕೇಳಿ ಮಕ್ಕಳು ಹೆಸರುಗಳನ್ನು ಮೊದಲು ಕನ್ನಡದಲ್ಲಿ ಸರಿಯಾಗಿ ಬರೆಯಲಿ. ನಂತರ ಹಳೆಯ ಜಿಲ್ಲೆ ಹಿಡಿದು ಹುಡುಕಲಿ. ಮಲ್ಲಪ್ಪನನ್ನು 'ಮುಲಪಾ'ದೊಳಗಿಂದ ಹೊರತೆಗೆಯಲು ಕನ್ನಡ ಬಲ್ಲವರೇ ಬೇಕು. ನಮ್ಮ ಶಾಲೆಗಳು ಯಾಕಿರಬೇಕು ಎಂದು ಕೇಳುವವರಿಗೆ ಇದೂ ಒಂದು ಉತ್ತರ. ಏನಂತೀರಿ?