ಮುಖ್ಯಮಂತ್ರಿಗಳಿಗೆ ಅಂಕ ಕೊಡುವವರು ಯಾರು?

ತರೀಕೆರೆಯಲ್ಲಿ ಈಚೆಗೆ ಹಳೆಯ ಶಿಷ್ಯನೊಬ್ಬನ ಮಗಳ ಮದುವೆ. ಮೊದಲ ಪಂಕ್ತಿ ಏಳುವುದನ್ನು ಕಾಯುತ್ತಿದ್ದ ನಾಲ್ಕಾರು ಜನ ಶಿಷ್ಯರು ವಾದ ಹೂಡಿದ್ದರು. ಅಮೆರಿಕದಿಂದ ಬಂದವನೊಬ್ಬ, ಅಲ್ಲಿಯ ಇತಿಹಾಸಕಾರರು ತಮ್ಮ ಅಧ್ಯಕ್ಷರಿಗೆ ಸ್ಥಾನ ಕಟ್ಟುವ ಪರಿಯನ್ನು ವಿವರಿಸಿದ. ನಮ್ಮ ಮುಖ್ಯಮಂತ್ರಿಗಳಿಗೂ ಹಾಗೆ ಮಾಡಬಾರದೇಕೆ? "ಮೇಷ್ಟ್ರೇ, ಸಮಾಜ ವಿಜ್ಞಾನದ ಪತ್ರಿಕೆ ತಿದ್ದಿದವರು ನೀವು, ನೀವೇ ಅಂಕ ಕೊಡಿ" ಎಂದರು.

ಅದೇ ಅಮೆರಿಕದ ಗ್ರ್ಯಾಂಟ್ ಎಂಬ ಅಧ್ಯಕ್ಷ 2000ದ ಪಟ್ಟಿಯೊಂದರಲ್ಲಿ 33ನೆಯವನು; 2021ರ ಪಟ್ಟಿಯಲ್ಲಿ 20ನೆಯವನು. 1885ರಲ್ಲಿ ತೀರಿಕೊಂಡವನು ಈ ನಡುವೆ ಹೊಸದಾಗಿ ಏನು ಬರೆದ? ಉತ್ತರಪತ್ರಿಕೆ ಅದೇ, ತಿದ್ದುವವರ ಕಣ್ಣು ಬದಲಾಯಿತು.

ಕಣ್ಣಿಗೆ ಕಾಣುವುದಕ್ಕೆ ಅಂಕ ಕೊಡುವುದು ಸುಲಭ. ಕೆಂಗಲ್ ಹನುಮಂತಯ್ಯನವರೆಂದರೆ ವಿಧಾನಸೌಧ. ಜೆ.ಎಚ್. ಪಟೇಲರೆಂದರೆ 1997ರ ಏಳು ಹೊಸ ಜಿಲ್ಲೆಗಳು. ತೀರ್ಥಹಳ್ಳಿಯ ಕಡೆಯ ಕಡಿದಾಳು ಮಂಜಪ್ಪನವರು 1956ರಲ್ಲಿ ಆ ಪೀಠದಲ್ಲಿದ್ದುದು ಎರಡೂವರೆ ತಿಂಗಳಿಗಿಂತ ಕಡಿಮೆ. ಗೇಣಿದಾರರ ಪರವಾಗಿ ಅವರು ದುಡಿದದ್ದು ಕಂದಾಯ ಸಚಿವರಾಗಿ. ನಮ್ಮ ಕಡೂರಿನ ಬಯಲುಸೀಮೆಯ ಹಳ್ಳಿಗಳಲ್ಲಿ ರಾಮಕೃಷ್ಣ ಹೆಗಡೆಯವರ ಕಾಲವನ್ನು ಕೇಳಿ ನೋಡಿ. ಮೊದಲು ಬರುವ ಹೆಸರು ಹೆಗಡೆಯವರದಲ್ಲ, ಕೊಳವೆ ಬಾವಿಗಳಿಂದಾಗಿ 'ನೀರ್ ಸಾಬ್' ಎನಿಸಿಕೊಂಡ ಸಚಿವ ನಜೀರ್ ಸಾಬರದು. ಅವರು ಯಾವ ಮುಖ್ಯಮಂತ್ರಿಗಳ ಪಟ್ಟಿಯಲ್ಲಿಯೂ ಇಲ್ಲ!

ಇನ್ನು ದೇವರಾಜ ಅರಸರು. ಭೂಸುಧಾರಣೆಯ ಕೀರ್ತಿಯನ್ನು ನಾವೆಲ್ಲ ಅವರಿಗೇ ಸಲ್ಲಿಸುತ್ತೇವೆ. ಮೂಲ ಕಾಯ್ದೆ 1961ರದು, ಜಾರಿಗೆ ಬಂದದ್ದು 1965ರಲ್ಲಿ. ಅದಕ್ಕೂ ಮುನ್ನ ಬಿ.ಡಿ. ಜತ್ತಿಯವರ ಸಮಿತಿಯ ವರದಿ ಇತ್ತು. ಆದರೆ ಆ ಕಾಯ್ದೆಗೆ ಹಲ್ಲು ಬಂದದ್ದು ಅರಸರ ತಿದ್ದುಪಡಿಯಿಂದ, 1974ರ ಮಾರ್ಚ್ 1ರಂದು. ಗೇಣಿ ಪದ್ಧತಿ ರದ್ದಾಯಿತು. ಏಳನೆಯ ನಮೂನೆಯ ಅರ್ಜಿ ಕೊಟ್ಟ ಒಕ್ಕಲಿಗೆ ಭೂನ್ಯಾಯಮಂಡಳಿಯ ಮುಂದೆ ನಿಲ್ಲುವ ಧೈರ್ಯ ಬಂದಿತು. ಅದೇ ಅರಸರು 1975–77ರ ತುರ್ತುಪರಿಸ್ಥಿತಿಯ ಮುಖ್ಯಮಂತ್ರಿಯೂ ಹೌದು. ವಿರೋಧಿಗಳು ಸೆರೆಮನೆಯಲ್ಲಿದ್ದಾಗ ನ್ಯಾಯಮಂಡಳಿಗಳು ಭೂಮಿ ಹಂಚುತ್ತಿದ್ದವು. ಇವೆರಡನ್ನೂ ಒಂದೇ ಅಂಕದೊಳಗೆ ತುಂಬುವುದು ಹೇಗೆ?

ನನ್ನ ಪಕ್ಷಪಾತವನ್ನು ಮುಚ್ಚಿಡಲಾರೆ. ಅಜ್ಜಂಪುರದ ಬಳಿ ನಮ್ಮ ತಂದೆ ಗೇಣಿಗೆ ಉಳುತ್ತಿದ್ದ ಮೂರು ಎಕರೆ ನಮ್ಮದಾದದ್ದು ಆ ಕಾನೂನಿನಿಂದ. ಹಕ್ಕುಪತ್ರ ತಂದ ದಿನ ತಂದೆ ಅದನ್ನು ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚಿದರು. ನನ್ನ ಪಟ್ಟಿಯಲ್ಲಿ ಅರಸರಿಗೆ ಮೊದಲ ಸ್ಥಾನ ಎಂದು ನಾನು ಹೇಳಿದರೆ, ಅದರಲ್ಲಿ ಮೂರು ಎಕರೆಯ ಮಣ್ಣು ಬೆರೆತಿದೆ ಎಂದು ತಿಳಿಯಿರಿ.

ಕೆಲಸ ಸಿಕ್ಕಿದ ಹೊಸತರಲ್ಲಿ ನಾನು ಕಡೂರಿನಲ್ಲಿ ಒಬ್ಬ ವಿಧವೆಯ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಭದ್ರಾ ನಾಲೆಯ ಕೆಳಗೆ ಆಕೆಗೆ ಒಂದೂವರೆ ಎಕರೆ ಗದ್ದೆ ಇತ್ತು. ಉಳುವ ಗಂಡಸಿಲ್ಲದ ಕಾರಣ ಗೇಣಿಗೆ ಕೊಟ್ಟಿದ್ದರು. ಅದೂ ಹೋಯಿತು. ಪರಿಹಾರದ ಹಣ ಬಂದಿತು, ಅಕ್ಕಿ ಬರುವುದು ನಿಂತಿತು. ಆಕೆ ಹಪ್ಪಳ ಮಾಡಿ ಮಾರುತ್ತಿದ್ದರು. ನಾನು ಮರುದಿನದ ಪಾಠಕ್ಕೆ "ಉಳುವವನೇ ಹೊಲದೊಡೆಯ" ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದುದನ್ನು ಕೇಳಿ ಒಂದು ಸಂಜೆ, "ಉಳಲಾರದವರ ವಿಷಯ ಪುಸ್ತಕದಲ್ಲಿ ಇಲ್ವೇನಪ್ಪ?" ಎಂದು ಕೇಳಿದರು. ಇರಲಿಲ್ಲ. ಮೂವತ್ತು ವರ್ಷ ಪಾಠ ಮಾಡಿದೆ, ನಾನೂ ಸೇರಿಸಲಿಲ್ಲ.

ಹಾಗೆಂದು ಕಾನೂನೇ ತಪ್ಪು ಎನ್ನಲಾರೆ. ನಮ್ಮಂತಹ ಅಸಂಖ್ಯ ಮನೆಗಳ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು ಆ ಭೂಮಿಯ ಬಲದಿಂದ. ಅಂದು ಮದುವೆ ಮನೆಯಲ್ಲಿ ಅರಸರಿಗೆ ನೂರಕ್ಕೆ ಎಂಬತ್ತು ಎಂದೆ. ಕಳೆದ ಇಪ್ಪತ್ತು ಯಾವುದಕ್ಕೆಂದು ಶಿಷ್ಯರು ಕೇಳಿದರು. ತುರ್ತುಪರಿಸ್ಥಿತಿಗೆ ಎಂದು ಹೇಳಿ ಊಟಕ್ಕೆದ್ದೆ. ಅದು ಅರ್ಧ ಸತ್ಯ.

ಆ ತಾಯಿಯ ಮೊಮ್ಮಗ ನನ್ನ ವಿದ್ಯಾರ್ಥಿ. ಇದನ್ನು ಓದುತ್ತಾನೆಂದು ಬಲ್ಲೆ. ಅವರ ಮನೆಯಲ್ಲಿ ಅರಸರಿಗೆ ಎಷ್ಟು ಅಂಕ ಎಂಬುದನ್ನು ಸಂಕೋಚವಿಲ್ಲದೆ ನನಗೆ ಬರೆಯಲಿ.