ಬಳಕೆಯ ಚೆಲುವು

ತನ್ನ ವಾಸಸ್ಥಾನವನ್ನು ಅಲಂಕರಿಸಲು ಮನುಷ್ಯನು ಸಿರಿತನ ಬರಲೆಂದು ಎಂದೂ ಕಾದವನಲ್ಲ. ಬಂಡೆಗಳ ಆಸರೆಯಲ್ಲಿ ಬದುಕುತ್ತಿದ್ದ ಕಾಲದಲ್ಲಿಯೇ ಅವನು ಕಲ್ಲಿನ ಮೇಲೆ ಕೆಂಪು ಬಣ್ಣದಿಂದ ಪ್ರಾಣಿಗಳ ರೂಪಗಳನ್ನು ಬರೆದನು. ಮಣ್ಣಿನ ಮಡಕೆ ಮಾಡುವುದನ್ನು ಕಲಿತ ಮೇಲೆ ಅದರ ಕಂಠದ ಸುತ್ತ ಒಂದು ಗೆರೆಯನ್ನು ಎಳೆದನು. ಆ ಗೆರೆಯ ದೆಸೆಯಿಂದ ಮಡಕೆಯಲ್ಲಿ ಒಂದು ಹನಿ ನೀರೂ ಹೆಚ್ಚಾಗಿ ಹಿಡಿಯಲಿಲ್ಲ. ಆದರೂ ಗೆರೆಯಿಲ್ಲದ ಮಡಕೆ ಅವನ ಕಣ್ಣಿಗೆ ಅಪೂರ್ಣವಾಗಿ ತೋರಿತು. ಇಂದಿಗೂ ಎಷ್ಟೋ ಬಡ ಮನೆಗಳ ಮುಂದೆ ಬೆಳಗಾಗುತ್ತಲೇ ಅಂಗಳ ಸಾರಿಸಿ ರಂಗೋಲಿಯ ನಾಲ್ಕು ಎಳೆಗಳನ್ನು ಎಳೆಯುವ ಕೈಗಳಿವೆ. ಸಂಜೆಯ ವೇಳೆಗೆ ಅದು ಕಾಲ್ತುಳಿತಕ್ಕೆ ಸಿಕ್ಕಿ ಅಳಿಸಿಹೋಗುತ್ತದೆ. ಮರುದಿನ ಹೊಸ ರಂಗೋಲಿ ಮೂಡುತ್ತದೆ. ಅಲಂಕಾರವು ಹಣದಿಂದ ಹುಟ್ಟುವಂಥದಲ್ಲ, ಮನಸ್ಸಿನಿಂದ ಹುಟ್ಟುವಂಥದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆದರೆ ಈಚಿನ ದಿನಗಳಲ್ಲಿ ಮನೆಯ ಅಲಂಕಾರವೆಂದರೆ ಅಂಗಡಿಯಿಂದ ಏನನ್ನಾದರೂ ಕೊಂಡು ತರುವುದು ಎಂಬ ಭಾವನೆ ಬಲವಾಗಿ ಬೇರೂರಿದೆ. ಬಾಡದ ಪ್ಲಾಸ್ಟಿಕ್ ಹೂಗಳು, ಯಾರೂ ಕುಡಿಯದ ಗಾಜಿನ ಲೋಟಗಳು, ಗೋಡೆಯ ಕಪಾಟಿನಲ್ಲಿ ಸಾಲಾಗಿ ನಿಂತ ಬೊಂಬೆಗಳು ಇವುಗಳಿಂದ ಮನೆ ತುಂಬುತ್ತದೆ. ಒಂದು ವರ್ಷದಲ್ಲಿ ಅವು ಹಳತಾಗುತ್ತವೆ, ಧೂಳು ಹಿಡಿಯುತ್ತವೆ. ಅವುಗಳ ಜಾಗಕ್ಕೆ ಬೇರೆಯವು ಬರುತ್ತವೆ. ಚೆಲುವಾದ ಮನೆ ಬೇಕೆನ್ನುವವನು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಇನ್ನೇನನ್ನು ತರಲಿ?" ಎಂಬುದು. ಅವನು ಮೊದಲು ಕೇಳಬೇಕಾದದ್ದು, "ಈ ಮನೆಯಲ್ಲಿ ದಿನವೂ ಕೈಗೆ ಬರುವ ವಸ್ತುಗಳು ಯಾವುವು? ಅವು ಚೆಲುವಾಗಿವೆಯೇ?" ಎಂಬುದು. ನೀರು ಕುಡಿಯುವ ಚೊಂಬು, ಹೊದೆಯುವ ಹೊದಿಕೆ, ಕೂರುವ ಚಾಪೆ, ಹೆಗಲಿಗೆ ಹಾಕುವ ಚೀಲ ಇವು ಚೆಲುವಾಗಿದ್ದರೆ ಮನೆಗೆ ಬೇರೆ ಅಲಂಕಾರ ಹೆಚ್ಚು ಬೇಕಾಗುವುದಿಲ್ಲ. ಕನ್ನಡ ನಾಡಿನ ಕುಶಲ ಕಲೆಗಳನ್ನು ಗಮನಿಸಿದವರಿಗೆ ಈ ಮಾತಿನ ಸತ್ಯ ತಾನಾಗಿ ಮನದಟ್ಟಾಗುತ್ತದೆ.

ಮಲೆನಾಡಿನ ಹಸೆ ಚಿತ್ತಾರವನ್ನು ನೋಡಬಹುದು. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ತಲೆಮಾರುಗಳಿಂದ ಬರೆಯುತ್ತ ಬಂದ ಗೋಡೆಯ ಚಿತ್ರವಿದು. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವ ಹಸೆಯ ಹಿಂದಿನ ಗೋಡೆಯೇ ಇದರ ಸ್ಥಾನ. ಗೋಡೆಗೆ ಬಳಿಯುವ ಕೆಮ್ಮಣ್ಣು ಊರಿನದೇ. ಬಿಳಿಯ ಬಣ್ಣವು ನೆನೆಸಿ ಅರೆದ ಅಕ್ಕಿಯಿಂದ, ಕಪ್ಪು ಬಣ್ಣವು ಹುರಿದು ಕರಿಕಾಗಿಸಿದ ಅಕ್ಕಿಯಿಂದ, ಹಳದಿಯು ಗುರಿಗೆ ಕಾಯಿಯ ಬೀಜದಿಂದ ದೊರೆಯುತ್ತದೆ. ಪುಂಡಿಯ ನಾರೇ ಕುಂಚ. ಅಳತೆಗೋಲಿಲ್ಲದೆ ಎಳೆದ ನೇರ ಗೆರೆಗಳು ಒಂದನ್ನೊಂದು ಹಾಯ್ದು ಚೌಕಗಳಾಗಿ, ತ್ರಿಕೋನಗಳಾಗಿ, ಪಲ್ಲಕ್ಕಿಯಾಗಿ, ವಧೂವರರಾಗಿ ರೂಪುಗೊಳ್ಳುತ್ತವೆ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಒಯ್ಯುವ ಬುಟ್ಟಿಯ ಮೇಲೂ ಇದೇ ಚಿತ್ತಾರ ಮೂಡುತ್ತದೆ. ಹೊಲದ ಅನ್ನವೇ ಗೋಡೆಯ ಬಣ್ಣವಾಗುತ್ತದೆ, ಮನೆಯ ಮಂಗಳ ಕಾರ್ಯವೇ ಚಿತ್ರಕ್ಕೆ ಕಾರಣವಾಗುತ್ತದೆ. ಈ ಅಲಂಕಾರವನ್ನು ಆ ಮನೆಯ ಬದುಕಿನಿಂದ ಬೇರ್ಪಡಿಸಲು ಬರುವುದಿಲ್ಲ.

ಮಣ್ಣಿನ ಗೋಡೆಗಳು ಹೋಗಿ ಸಿಮೆಂಟಿನ ಗೋಡೆಗಳು ಬಂದ ಮೇಲೆ ಚಿತ್ತಾರಕ್ಕೆ ಅದರ ನೆಲೆಯೇ ಕಿರಿದಾಯಿತು. ಈಗ ಅದನ್ನು ಕಾಗದದ ಮೇಲೂ ಬಟ್ಟೆಯ ಮೇಲೂ ಬರೆದು ಮಾರುವುದುಂಟು. ಕಲಾವಿದೆಯರಿಗೆ ಇದರಿಂದ ನಾಲ್ಕು ಕಾಸು ದೊರೆಯುವುದು ಸಂತೋಷದ ವಿಷಯವೇ ಸರಿ. ಆದರೆ ಅದನ್ನು ಕೊಂಡವನು ಯಾವ ಗೋಡೆಯಿಂದ ಅದು ಬಂತೆಂಬುದನ್ನು ತಿಳಿಯದಿದ್ದರೆ, ಅವನ ಪಾಲಿಗೆ ಅದು ಮತ್ತೊಂದು ಬಣ್ಣದ ಕಾಗದವಾಗಿ ಮಾತ್ರ ಉಳಿಯುತ್ತದೆ.

ಮಲೆನಾಡಿನಿಂದ ಉತ್ತರ ಕರ್ನಾಟಕದ ಬಯಲಿಗೆ ಬಂದರೆ ಅಲ್ಲಿ ಗೋಡೆಯ ಬದಲು ಬಟ್ಟೆಯೇ ಕಲೆಯ ಹಾಸು. ಧಾರವಾಡ ಸೀಮೆಯ ಕಸೂತಿಯಲ್ಲಿ ಗಾವಂಟಿ, ಮುರಗಿ, ನೇಯ್ಗೆ, ಮೆಂತ್ಯೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಸೀರೆಯ ಮೇಲೆ ಮೊದಲೇ ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಯಿಸಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ತೇರು ಮುರಿಯುತ್ತದೆ. ಗಾವಂಟಿ ಹೊಲಿಗೆಯಲ್ಲಿ ದಾರವು ಹೋದ ದಾರಿಯಲ್ಲಿಯೇ ಮರಳಿ ಬಂದು ನಡುವಿನ ತೆರಪುಗಳನ್ನು ತುಂಬುವುದರಿಂದ ಬಟ್ಟೆಯ ಎರಡೂ ಮಗ್ಗುಲುಗಳಲ್ಲಿ ಚಿತ್ರವು ಒಂದೇ ಆಗಿ ಕಾಣುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ನೋಡುವವರಿಗೆ ಕಾಣದ ಒಳಮಗ್ಗುಲೂ ಹೊರಮಗ್ಗುಲಿನಷ್ಟೇ ಶುದ್ಧವಾಗಿರಬೇಕೆಂಬುದು ಆ ಕಲೆಯ ಶಿಸ್ತು. ಮನುಷ್ಯನ ನಡತೆಗೂ ಇದಕ್ಕಿಂತ ಮೇಲಾದ ಮಾದರಿ ದೊರೆಯಲಾರದು.

ಅದೇ ಸೀರೆ ಹಳತಾಗಿ ಸವೆದಾಗ ಅದರ ಬಾಳು ಮುಗಿಯುವುದಿಲ್ಲ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿದಾಗ ಕೌದಿ ಸಿದ್ಧವಾಗುತ್ತದೆ. ಕೆಂಪಿನ ಪಕ್ಕದಲ್ಲಿ ಹಸಿರನ್ನಿಡಬೇಕೇ ಕಪ್ಪನ್ನಿಡಬೇಕೇ ಎಂಬುದನ್ನು ಹೊಲಿಯುವವಳ ಕಣ್ಣು ನಿರ್ಧರಿಸುತ್ತದೆ. ಅಜ್ಜಿಯ ಸೀರೆಯ ತುಂಡು ಮೊಮ್ಮಗುವಿನ ಮೈಯನ್ನು ಬೆಚ್ಚಗಿಡುತ್ತದೆ. ಬಡತನದ ಅಗತ್ಯದಿಂದ ಹುಟ್ಟಿದ ಈ ಹೊದಿಕೆಯಲ್ಲಿ ಮಿತವ್ಯಯವೂ ಚೆಲುವೂ ನೆನಪೂ ಒಂದೇ ದಾರದಲ್ಲಿ ಕೂಡಿಕೊಂಡಿವೆ.

ಇವೆಲ್ಲ ಸಾಮಾನ್ಯರ ಮನೆಯ ಮಾತಾದವು, ಅರಮನೆಗಳ ಅಲಂಕಾರ ಬೇರೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಬಹಮನಿ ಸುಲ್ತಾನರ ಕಾಲದಿಂದ ಹೆಸರಾದ ಬೀದರಿನ ಬಿದ್ರಿ ಕೆಲಸ ಇದಕ್ಕೆ ಉತ್ತರ ಕೊಡುತ್ತದೆ. ಹೆಚ್ಚು ಸತುವು, ಕೊಂಚ ತಾಮ್ರ ಸೇರಿದ ಮಿಶ್ರಲೋಹದಿಂದ ಮೊದಲು ಪಾತ್ರೆಯನ್ನು ಎರಕ ಹೊಯ್ಯುತ್ತಾರೆ. ಅದರ ಮೈಗೆ ಮೈಲುತುತ್ತದ ನೀರನ್ನು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ, ಚೂಪಾದ ಉಳಿಯಿಂದ ಬಳ್ಳಿ ಹೂಗಳನ್ನು ಕೊರೆಯುತ್ತಾರೆ. ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕುದಿಸಿ ಅದರಲ್ಲಿ ಪಾತ್ರೆಯನ್ನು ಅದ್ದುತ್ತಾರೆ. ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿದು ಬೆಳಗುತ್ತದೆ. ಇಷ್ಟು ಶ್ರಮದಿಂದ ಹಿಂದಿನವರು ಮಾಡಿಸಿದ್ದಾದರೂ ಏನನ್ನು? ಹುಕ್ಕಾದ ಬುಡ, ನೀರಿನ ಹೂಜಿ, ಎಲೆಯಡಿಕೆಯ ಪೆಟ್ಟಿಗೆ, ತಟ್ಟೆ, ಪೀಕದಾನಿ! ಅರಸರೂ ಚೆಲುವನ್ನು ಬಳಕೆಯ ವಸ್ತುವಿನಲ್ಲಿಯೇ ಅರಸಿದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇಂದು ಬಿದ್ರಿಯ ಹೂಜಿ ನೀರನ್ನು ಕಾಣದೆ ಗಾಜಿನ ಕಪಾಟಿನಲ್ಲಿ ಸೆರೆಯಾಗಿದೆ. ಬಳಕೆ ತಪ್ಪಿದ ವಸ್ತುವನ್ನು ಜನ ಮೆಚ್ಚುತ್ತಾರೆ, ಆದರೆ ಅಪರೂಪಕ್ಕೆ ಮಾತ್ರ ಕೊಳ್ಳುತ್ತಾರೆ. ಕೊಳ್ಳುವವರು ಕಡಿಮೆಯಾದಲ್ಲಿ ಮಾಡುವವರೂ ಕಡಿಮೆಯಾಗುವುದು ಸಹಜ.

ಹಾಗೆಂದು ಹಳೆಯ ರೂಪಗಳಿಗೇ ಅಂಟಿಕೊಳ್ಳಬೇಕೆಂದು ಅರ್ಥವಲ್ಲ. ಹುಕ್ಕಾ ಮರೆಯಾದದ್ದಕ್ಕೆ ಯಾರೂ ದುಃಖಿಸಬೇಕಾಗಿಲ್ಲ. ಬಳಕೆ ಬದಲಾದಂತೆ ಕಲೆಯೂ ಹೊಸ ಬಳಕೆಯನ್ನು ಹುಡುಕಿಕೊಂಡರೆ ಅದು ಬಾಳುತ್ತದೆ. ಚನ್ನಪಟ್ಟಣದ ಕುಶಲಿಗಳು ಇದಕ್ಕೆ ನಿದರ್ಶನ. ಅಲ್ಲಿ ಹಗುರವಾದ ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ, ಉಳಿಯಿಂದ ಅದಕ್ಕೆ ಆಕಾರ ಕೊಡುತ್ತಾರೆ. ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಕೇದಗೆಯ ಒಣ ಎಲೆಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಹೀಗೆ ಬೊಂಬೆಗಳನ್ನು ಮಾಡುತ್ತಿದ್ದ ಕೈಗಳು ಈಗ ಬಳೆ, ಓಲೆ, ಲೇಖನಿಯ ಬಟ್ಟಲು, ಬಾಗಿಲ ಹಿಡಿಕೆಗಳನ್ನೂ ಮಾಡುತ್ತಿವೆ. ರವಿಕೆಗೆಂದು ನೇಯುತ್ತಿದ್ದ ಗುಳೇದಗುಡ್ಡದ ಖಣದ ಬಟ್ಟೆಯಿಂದ ಈಗ ಚೀಲಗಳನ್ನು ಹೊಲಿಯುತ್ತಾರೆ. ಕಲೆಯ ಬೇರು ಹಳೆಯದು, ಚಿಗುರು ಹೊಸದು.

ಈ ವಿಚಾರಕ್ಕೆ ಎರಡು ಆಕ್ಷೇಪಗಳು ಬರಬಹುದು. ಕೈಯಿಂದ ಮಾಡಿದ ವಸ್ತುವಿನ ಬೆಲೆ ಹೆಚ್ಚು, ಬಡವರಿಗೆ ಅದು ಎಟುಕದು ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಆದರೆ ಚೆಲುವಿಗೆ ಕೊಳ್ಳುವುದೊಂದೇ ಮಾರ್ಗವಲ್ಲ. ಗಾಂಧೀಜಿಯವರು 1936ರಲ್ಲಿ ವಾರ್ಧಾದ ಬಳಿಯ ಒಂದು ಹಳ್ಳಿಯಲ್ಲಿ ನೆಲೆಸಿದರು. ಮುಂದೆ ಸೇವಾಗ್ರಾಮವೆಂದು ಹೆಸರಾದ ಆ ಊರಿನಲ್ಲಿ ಅವರು ವಾಸಿಸಿದ ಕುಟೀರವು ಮಣ್ಣು, ಬಿದಿರುಗಳಿಂದ ಆದದ್ದು. ಅದರ ಗೋಡೆಯ ಮೇಲೆ ಮೀರಾಬೆನ್ ಅವರು ಮಣ್ಣಿನಿಂದಲೇ ತಾಳೆಯ ಮರಗಳನ್ನೂ ಚರಕವನ್ನೂ ಉಬ್ಬುಚಿತ್ರಗಳಾಗಿ ರೂಪಿಸಿದರು. ಅಪರಿಗ್ರಹವನ್ನು ವ್ರತವಾಗಿ ಹಿಡಿದವರ ಮನೆಯಲ್ಲಿಯೂ ಅಲಂಕಾರಕ್ಕೆ ಎಡೆಯಿತ್ತು. ಗೋಡೆಯನ್ನು ಕಟ್ಟಿದ ಮಣ್ಣೇ ಅದಕ್ಕೆ ಸಾಕಾಯಿತು. ಬೆಳಕು ಬರುವ ಕಿಟಕಿ, ಗುಡಿಸಿದ ನೆಲ, ತಕ್ಕ ಸ್ಥಳದಲ್ಲಿರಿಸಿದ ಬೆಳಗಿದ ತಂಬಿಗೆ, ಅದರಲ್ಲಿ ಅಂಗಳದ ಒಂದು ಹೂವು ಇವುಗಳಿಗೆ ಖರ್ಚಿಲ್ಲ. ಇನ್ನು ಕೊಳ್ಳಲೇಬೇಕಾದಾಗ, ವರ್ಷಕ್ಕೆ ಹತ್ತು ಅಗ್ಗದ ವಸ್ತುಗಳಿಗೆ ಸುರಿಯುವ ಹಣದಲ್ಲಿ ಹತ್ತು ವರ್ಷ ಬಾಳುವ ಒಂದೇ ವಸ್ತುವನ್ನು ಆರಿಸುವುದು ಜಾಣತನ. ನವಲಗುಂದದ ಒಂದು ಜಮಖಾನೆ ಮನೆಗೆ ಬಂದ ಎಷ್ಟೋ ಅತಿಥಿಗಳಿಗೆ ಆಸನವಾಗಿ ಮುಂದಿನ ತಲೆಮಾರಿಗೂ ಸಲ್ಲುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಹಳೆಯ ಕಲೆಗಳನ್ನು ಹೊಗಳುವವರು ಅವುಗಳ ಹಿಂದಿರುವ ದುಡಿಮೆಯನ್ನು ಮರೆಯುತ್ತಾರೆ ಎಂಬುದೇ ಅದು. ಮನೆಯ ಕೆಲಸವನ್ನೆಲ್ಲ ಮುಗಿಸಿದ ಮೇಲೆ ಕೌದಿ ಹೊಲಿದ ತಾಯಿಗೆ ಯಾರೂ ಕೂಲಿ ಕೊಡಲಿಲ್ಲ. ಬಿದ್ರಿಯ ಕುಶಲಿಯ ಮಗ ತಂದೆಯ ಉಳಿಯನ್ನು ಹಿಡಿಯಲು ಒಪ್ಪದಿದ್ದರೆ ಅದಕ್ಕೆ ಆಲಸ್ಯ ಕಾರಣವಲ್ಲ, ಆ ಉಳಿಯಿಂದ ಸಂಸಾರ ಸಾಗದೆಂಬ ಅನುಭವ ಕಾರಣ. ಆದುದರಿಂದ ಕಲೆ ಉಳಿಯಬೇಕೆನ್ನುವವನು ಮೊದಲು ಕಲಾವಿದನು ಉಳಿಯಬೇಕೆನ್ನಬೇಕು. ದೊಡ್ಡ ಅಂಗಡಿಯಲ್ಲಿ ಕೇಳಿದ ಬೆಲೆಯನ್ನು ಮಾತಿಲ್ಲದೆ ತೆತ್ತು, ಸಂತೆಯಲ್ಲಿ ಬುಟ್ಟಿ ಹೆಣೆಯುವವಳೊಡನೆ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುವವನ ಮನೆ ಎಷ್ಟು ಅಲಂಕೃತವಾಗಿದ್ದರೂ ಅದರಲ್ಲಿ ಒಂದು ಕೊರತೆ ಉಳಿದೇ ಇರುತ್ತದೆ.

ಈ ಸತ್ಯವನ್ನು ಚೆನ್ನಾಗಿ ಅರಿತವರಲ್ಲಿ 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಗ್ರಗಣ್ಯರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡ ಅವರು, ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಹಿಂದೆ ಹೋಗದೆ ಕುಶಲಕರ್ಮಿಗಳ ಕಡೆಗೆ ನಡೆದರು. 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ದೇಶದ ಮೂಲೆ ಮೂಲೆಗಳಲ್ಲಿ ಮರೆಯಾಗುತ್ತಿದ್ದ ಕಲೆಗಳಿಗೆ ಮಾರುಕಟ್ಟೆಯನ್ನೂ ಮಾನವನ್ನೂ ದೊರಕಿಸಿಕೊಡಲು ಶ್ರಮಿಸಿದರು. ಕುಶಲ ಕಲೆಗಳು ವಸ್ತುಸಂಗ್ರಹಾಲಯದ ಒಡವೆಗಳಾಗದೆ ಜನಜೀವನದ ಅಂಗವಾಗಿರಬೇಕೆಂದು 1988ರಲ್ಲಿ ತೀರಿಕೊಳ್ಳುವವರೆಗೂ ದುಡಿದರು. ಕರ್ನಾಟಕದಲ್ಲಿಯೂ 1964ರಲ್ಲಿ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಆರಂಭವಾಗಿ, ಕಾವೇರಿ ಮಳಿಗೆಗಳ ಮೂಲಕ ಇಂಥ ವಸ್ತುಗಳ ಮಾರಾಟಕ್ಕೆ ವ್ಯವಸ್ಥೆಯಾಯಿತು. ಆದರೆ ಮಂಡಳಿಗಳೂ ನಿಗಮಗಳೂ ಎಷ್ಟು ಮಾಡಿದರೂ ಸಾಲದು. ಕಲೆಯ ಅಳಿವು ಉಳಿವುಗಳು ಕೊನೆಗೆ ತೀರ್ಮಾನವಾಗುವುದು ಒಂದೊಂದು ಮನೆಯಲ್ಲಿ.

ಪ್ರತಿಯೊಂದು ಊರಿಗೂ ತನ್ನದೇ ಆದ ಒಂದು ಕೈಕೆಲಸವಿರುತ್ತದೆ. ಬುಟ್ಟಿ ಹೆಣೆಯುವವರು, ಚಾಪೆ ನೇಯುವವರು, ಕಂಬಳಿ ಮಾಡುವವರು, ಮಡಕೆ ತಟ್ಟುವವರು ಶಾಲೆಯಿಂದ ಕೂಗಳತೆಯ ದೂರದಲ್ಲಿಯೇ ಇರಬಹುದು. ಅವರ ಜಗಲಿಯ ಬಳಿ ಒಂದು ಗಳಿಗೆ ನಿಂತು ಆ ಕೈಗಳ ಚಲನೆಯನ್ನು ನೋಡಿದ ವಿದ್ಯಾರ್ಥಿಯು ಒಂದು ಬುಟ್ಟಿಯ ಬೆಲೆ ಎಷ್ಟೆಂಬುದನ್ನು ಅಂಗಡಿಯವನಿಗಿಂತ ಚೆನ್ನಾಗಿ ಅರಿಯುತ್ತಾನೆ. ಹಳೆಯ ಬಟ್ಟೆಯಿಂದ ತಾನೇ ಒಂದು ಚೀಲ ಹೊಲಿದುಕೊಂಡ ವಿದ್ಯಾರ್ಥಿನಿಯು ವಕ್ರವಾದ ತನ್ನ ಹೊಲಿಗೆಯನ್ನು ನೋಡಿದಾಗ ಕಸೂತಿಯ ನೇರ ಗೆರೆಯ ಹಿರಿಮೆಯನ್ನು ತಿಳಿಯುತ್ತಾಳೆ. ಅಭಿರುಚಿ ಬೆಳೆಯುವ ಬಗೆ ಇದೇ. ಕೊಂಡು ತುಂಬಿದ ಮನೆ ನೋಡುವವರನ್ನು ಬೆರಗುಗೊಳಿಸಬಹುದು. ಆದರೆ ಕೈಯಾರೆ ಮಾಡಿದ, ಕೈಯಾರೆ ಬಳಸಿದ, ಸವೆದರೂ ಬಿಸಾಡಲು ಮನಸ್ಸು ಬಾರದ ನಾಲ್ಕು ವಸ್ತುಗಳಿರುವ ಮನೆ ಅಲ್ಲಿ ಬಾಳುವವರನ್ನು ನೆಮ್ಮದಿಯಿಂದ ಇರಿಸುತ್ತದೆ.