ರಂಗಭೂಮಿಯೂ ಯಂತ್ರದ ಬೆಳಕೂ

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಆಡಿದ ನಾಟಕವೊಂದರಲ್ಲಿ ಗುಡುಗು, ಮಿಂಚು, ಮಳೆ ಎಲ್ಲವನ್ನೂ ಮೊದಲೇ ಮುದ್ರಿಸಿಟ್ಟು ಪ್ರೊಜೆಕ್ಟರಿನಿಂದ ಹಿಂದಿನ ತೆರೆಯ ಮೇಲೆ ತೋರಿಸಿದರು. ಪ್ರೇಕ್ಷಕರನ್ನು ಮರಳಿ ಸೆಳೆಯುವ ಉಪಾಯವೆಂದು ಇದನ್ನು ಸೂಚಿಸಿದವನು ನಾನೇ. ವಿದೂಷಕನ ಮಾತಿಗೆ ಸಭೆಯು ನಿರೀಕ್ಷೆಗಿಂತ ಹೆಚ್ಚು ಹೊತ್ತು ನಕ್ಕಿತು. ನಗೆ ಅಡಗುವವರೆಗೆ ನಟರು ಕಾದರು, ಯಂತ್ರವು ಕಾಯಲಿಲ್ಲ. ಋಷಿಯು ಶಾಪವನ್ನು ನುಡಿಯುವ ಮೊದಲೇ ಸಿಡಿಲು ಬಡಿದುಹೋಯಿತು.

ರಂಗಕ್ಕೆ ವಿಜ್ಞಾನದ ನೆರವು ಹೊಸದೇನೂ ಅಲ್ಲ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬಾತನು, ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನ ಕಲ್ಪನೆಯನ್ನು ಸುಧಾರಿಸಿ, ರಂಗದ ಮೇಲೆ ಪ್ರೇತವನ್ನು ತೋರಿಸಿ ಜನರನ್ನು ಬೆರಗುಗೊಳಿಸಿದನು. ಅದರ ರಹಸ್ಯವು ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜು. ರಂಗದ ಮುಂದಿನ ಹಳ್ಳದಲ್ಲಿ ಅಡಗಿದ್ದ ನಟನ ಪ್ರತಿಬಿಂಬವು ಅದರಲ್ಲಿ ಮೂಡುತ್ತಿತ್ತು. ಸಾಧಾರಣ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಮಾತ್ರ ಪ್ರತಿಫಲಿಸುವುದರಿಂದ, ಅಡಗಿದವನ ಮೇಲೆ ಅತಿ ಪ್ರಖರವಾದ ಬೆಳಕನ್ನು ಬೀರಬೇಕಾಗಿತ್ತು. ರಂಗದ ಮೇಲಿದ್ದವನಿಗೆ ಆ ಪ್ರೇತವು ಕಾಣುತ್ತಲೇ ಇರಲಿಲ್ಲ. ಅವನು ಬರಿಯ ಗಾಳಿಯೊಡನೆ ಕಾದಾಡಬೇಕು! ಆದರೂ ಪ್ರೇತವು ಜೀವಂತ ಮನುಷ್ಯನೇ ಆದ್ದರಿಂದ ಆಟದ ಓಟಕ್ಕೆ ಹೊಂದಿಕೊಳ್ಳಬಲ್ಲುದಾಗಿತ್ತು.

1958ರ ಬ್ರಸೆಲ್ಸ್ ವಸ್ತುಪ್ರದರ್ಶನದಲ್ಲಿ ಚೆಕೊಸ್ಲೊವಾಕಿಯದ ರಾಡೊಕ್ ಮತ್ತು ಸ್ವೊಬೊಡ ಎಂಬವರು 'ಲಾಟೆರ್ನಾ ಮಾಗಿಕಾ' ಎಂಬ ಪ್ರಯೋಗದಲ್ಲಿ ಚಲಚ್ಚಿತ್ರವನ್ನೂ ನಟರನ್ನೂ ಒಂದೇ ರಂಗದಲ್ಲಿ ಕೂಡಿಸಿದರು. ಅದ್ಭುತವೇನೋ ಹೌದು, ಆದರೆ ಸುರುಳಿಯು ಓಡಿದ ವೇಗಕ್ಕೆ ನಟನು ಓಡಬೇಕಾಯಿತು.

2016ರಲ್ಲಿ ಇಂಗ್ಲೆಂಡಿನ ರಾಯಲ್ ಷೇಕ್ಸ್‌ಪಿಯರ್ ಕಂಪನಿಯವರು 'ಟೆಂಪೆಸ್ಟ್' ನಾಟಕದಲ್ಲಿ ಈ ಸಂಬಂಧವನ್ನು ತಿರುಗಿಸಿದರು. ಏರಿಯಲ್ ಎಂಬ ಗಾಳಿಯ ಚೇತನದ ಪಾತ್ರಧಾರಿಯ ಉಡುಪಿನಲ್ಲಿ ಸಂವೇದಕಗಳಿದ್ದವು. ಅವನು ಕೈಯೆತ್ತಿದರೆ ಗಣಕಯಂತ್ರವು ಆ ಚಲನೆಯನ್ನು ಅಳೆದು, ಒಡನೆಯೇ ತೆರೆಯ ಮೇಲಿನ ಆಕೃತಿಯ ಕೈಯನ್ನೂ ಎತ್ತುತ್ತಿತ್ತು. ನಟನು ನಿಂತರೆ ಆಕೃತಿಯೂ ನಿಲ್ಲುವುದು.

ರಂಗಭೂಮಿಗೆ ಬೇಕಾದ ಯಂತ್ರವು ಇಂಥದು ಎಂಬುದು ನನ್ನ ಮತ. ಕೈಯಲ್ಲಿ ಮೊಬೈಲನ್ನು ಹಿಡಿದಿರುವ ನಿಮಗೆ ಚಿತ್ರಗಳಿಗೆ ಬರವಿಲ್ಲ. ಇನ್ನೂ ದೊಡ್ಡದೊಂದು ತೆರೆಯನ್ನು ನೋಡಲು ಟಿಕೆಟ್ಟು ಕೊಂಡು ಬರುವಿರೇಕೆ? ನಿಮ್ಮ ನಗುವಿಗಾಗಿ ಕಾಯುವ, ನಿಮ್ಮ ಮೌನವನ್ನು ಅರಿತು ದನಿ ತಗ್ಗಿಸುವ ನಟನು ಅಲ್ಲಿರುವನೆಂದು ಬರುವಿರಿ. ಆ ಗುಣವನ್ನು ಕೆಡಿಸುವ ಉಪಕರಣವು ಎಷ್ಟು ಬೆಲೆಯದಾದರೂ ಬೇಡ.

ಸಂವೇದಕಗಳ ಉಡುಪು ನಮ್ಮ ಕಾಲೇಜುಗಳಿಗೆ ಎಟುಕದು. ಚಿಂತೆಯಿಲ್ಲ. ಗುಡುಗುಮಿಂಚುಗಳನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿಟ್ಟು, ನಟನ ಮುಖವನ್ನೇ ನೋಡುತ್ತ ಒಂದೊಂದಕ್ಕೂ ಗುಂಡಿಯನ್ನೊತ್ತುವವರು ಒಬ್ಬರಿದ್ದರೆ ಸಾಕು. ಈ ವರ್ಷ ಆ ಕೆಲಸವನ್ನು ಎರಡನೆಯ ಬಿ.ಎಸ್‌ಸಿ.ಯ ಹುಡುಗಿಯೊಬ್ಬಳಿಗೆ ವಹಿಸಿದ್ದೇವೆ. ಎಲ್ಲ ತಾಲೀಮುಗಳಿಗೂ ಅವಳು ಬರುತ್ತಿದ್ದಾಳೆ. ಋಷಿಯ ಮಾತು ಅವನಿಗಿಂತ ಅವಳಿಗೇ ಚೆನ್ನಾಗಿ ಬಾಯಿಪಾಠವಾಗಿದೆ.